ಮೈಮೇಲಿನ ಕಜ್ಜಿಯಿಂದ ಡಯಾಲಿಸಿಸ್ ಕುರ್ಚಿಯವರೆಗೆ

ಎಲ್ಲರಿಗೂ ನಮಸ್ಕಾರ.

2000ನೇ ಇಸವಿಯ ನವೆಂಬರ್‌ನಲ್ಲಿ ಸಿಡ್ನಿಯ ಕಲಾ ಗ್ಯಾಲರಿಯಲ್ಲಿ ಒಂದು ಹರಾಜು ನಡೆಯಿತು. ಆಸ್ಟ್ರೇಲಿಯಾದ ಮರುಭೂಮಿಯ ಕಿಂಟೋರ್, ಕಿವಿರ್‌ಕುರಾ ಎಂಬ ಪುಟ್ಟ ಊರುಗಳ ಮೂಲನಿವಾಸಿ ಕಲಾವಿದರು ಬಿಡಿಸಿಕೊಟ್ಟ ಚಿತ್ರಗಳಿಂದ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. ಹಣ ಬೇಕಾಗಿದ್ದದ್ದು, ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರದಿಂದ ಸೋಸುವ ಡಯಾಲಿಸಿಸ್‌ಗೆ. ಕಿಂಟೋರ್‌ನವರಿಗೆ ಆಗ ಆ ಚಿಕಿತ್ಸೆ ಸಿಗುತ್ತಿದ್ದದ್ದು ಐನೂರು ಕಿಲೋಮೀಟರಿಗೂ ಆಚೆಯ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕೈದು ಗಂಟೆ ಯಂತ್ರದ ಪಕ್ಕ ಕೂರಬೇಕಾದವರು ಹೋಗಿಬರುವ ಮಾತೆಲ್ಲಿ? ಹೋದವರು ಅಲ್ಲೇ ಉಳಿದುಬಿಡುತ್ತಿದ್ದರು. ಮೊಮ್ಮಕ್ಕಳಿಗೆ ನೆಲದ ಕಥೆ, ಹಾಡು, ಆಚರಣೆ ಕಲಿಸಬೇಕಾದ ಹಿರಿಯರೇ ಊರಲ್ಲಿ ಇಲ್ಲದಂತಾಯಿತು.

ಈ ಮೂಲನಿವಾಸಿಗಳಲ್ಲಿ ಇಷ್ಟೊಂದು ಜನರ ಕಿಡ್ನಿ ಯಾಕೆ ಕೆಡುತ್ತದೆ? 'ಅದು ಅವರ ರಕ್ತದಲ್ಲೇ ಇದೆ' ಎಂಬ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ.

ತಾಯಿಯ ಹೊಟ್ಟೆಯಿಂದಲೇ ನೋಡೋಣ. ಕಿಡ್ನಿಯಲ್ಲಿ ರಕ್ತ ಸೋಸುವ ಪುಟ್ಟ ಘಟಕಗಳಾದ ನೆಫ್ರಾನ್‌ಗಳು ಹುಟ್ಟುವ ಹೊತ್ತಿಗೆ ಎಷ್ಟು ರೂಪುಗೊಂಡಿರುತ್ತವೋ ಅಷ್ಟೇ. ಆಮೇಲೆ ಹೊಸದು ಬೆಳೆಯುವುದಿಲ್ಲ. ಗರ್ಭಿಣಿಗೆ ಆಹಾರ, ಆರೈಕೆ ಸಾಲದೆ ಮಗು ಕಡಿಮೆ ತೂಕದಲ್ಲಿ ಹುಟ್ಟಿದರೆ ಅದರ ಪಾಲಿನ ನೆಫ್ರಾನ್‌ಗಳೂ ಕಡಿಮೆ. ಆ ಮಗು ಬೆಳೆಯುವುದು ಹತ್ತಾರು ಮಂದಿ ಒತ್ತಿಕೊಂಡು ಮಲಗುವ, ನಲ್ಲಿ ಕೆಟ್ಟರೆ ತಿಂಗಳುಗಟ್ಟಲೆ ರಿಪೇರಿಯಾಗದ ಮನೆಯಲ್ಲಿ. ಕಜ್ಜಿಯಾಗುತ್ತದೆ, ಕೆರೆದಲ್ಲಿ ಹುಣ್ಣಾಗುತ್ತದೆ, ಹುಣ್ಣಿಗೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರುತ್ತದೆ. ಅದರ ವಿರುದ್ಧ ದೇಹ ಹೂಡುವ ಹೋರಾಟ ಕಿಡ್ನಿಯ ಸೋಸುವ ಜಾಲರಿಯನ್ನೇ ಗಾಯಗೊಳಿಸಬಲ್ಲದು. ಮುಂದೆ ಸಕ್ಕರೆ ಕಾಯಿಲೆ, ಬಿಪಿ ಬಂದಾಗ, ಮೊದಲೇ ನೆಫ್ರಾನ್ ಕಡಿಮೆಯಿದ್ದ, ಮೊದಲೇ ಪೆಟ್ಟು ತಿಂದಿದ್ದ ಕಿಡ್ನಿ ತಡೆದುಕೊಳ್ಳುವುದಿಲ್ಲ. ದೂರದ ಊರಿನ ಒಂದೇ ಅಂಗಡಿಯಲ್ಲಿ ತರಕಾರಿ ದುಬಾರಿ, ಸಕ್ಕರೆ ಪಾನೀಯ ಧಾರಾಳ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಹೃದಯದ ಕಥೆ ಬೇರೆಯಲ್ಲ. ಅದೇ ಸ್ಟ್ರೆಪ್ಟೋಕಾಕಸ್ ಸೋಂಕು ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರವಾಗಿ ಹೃದಯದ ಕವಾಟಗಳನ್ನು ಹಾಳುಮಾಡುತ್ತದೆ. ಆಸ್ಟ್ರೇಲಿಯಾದ ಉಳಿದ ಮಕ್ಕಳಲ್ಲಿ ಈ ಕಾಯಿಲೆ ಬಹುತೇಕ ಮರೆತೇಹೋಗಿದೆ. ಈ ಜ್ವರ ಬಂದ ಮೂಲನಿವಾಸಿ ಮಗುವಿಗೆ ಮಾತ್ರ, ಅದು ಮರುಕಳಿಸದಿರಲೆಂದು, ಮೂರು-ನಾಲ್ಕು ವಾರಕ್ಕೊಂದು ನೋವಿನ ಪೆನಿಸಿಲಿನ್ ಚುಚ್ಚುಮದ್ದು, ಅದೂ ವರ್ಷಗಟ್ಟಲೆ. ಒಂದೇ ದೇಶ, ಒಂದೇ ಸರ್ಕಾರ. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಿಡ್ನಿ ಕೆಟ್ಟರೆ ಬಿಪಿ ಏರುತ್ತದೆ, ಬಿಪಿ ಏರಿದರೆ ಕಿಡ್ನಿ ಇನ್ನಷ್ಟು ಕೆಡುತ್ತದೆ, ಎರಡರ ಭಾರವೂ ಹೃದಯದ ಮೇಲೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದ್ದರೆ ಅದು ಕಿಡ್ನಿಗೆ ಮಾತ್ರವಲ್ಲ, ಹೃದಯಕ್ಕೂ ಮುನ್ಸೂಚನೆ. ಡಯಾಲಿಸಿಸ್ ಹಂತಕ್ಕೆ ತಲುಪುವ ಮೊದಲೇ ಹೃದಯಾಘಾತದಿಂದ ತೀರಿಕೊಳ್ಳುವವರು ಬಹಳ.

ತಡೆಯಲು ಆಗದ್ದೇನಲ್ಲ ಇದು. ಆಸ್ಟ್ರೇಲಿಯಾದ ಉತ್ತರದ ತಿವಿ ದ್ವೀಪಗಳಲ್ಲಿ 1995ರಲ್ಲಿ ವೈದ್ಯೆ ವೆಂಡಿ ಹೋಯ್ ಮತ್ತು ಸಂಗಡಿಗರು ಮೂತ್ರ, ಬಿಪಿ ಪರೀಕ್ಷಿಸಿ, ಬೇಕಾದವರಿಗೆ ತಪ್ಪದೆ ಮಾತ್ರೆ ಕೊಡುವ ಕಾರ್ಯಕ್ರಮ ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಕಾಯಿಲೆಯ ಸಾವುಗಳೂ ಕಿಡ್ನಿ ವೈಫಲ್ಯವೂ ಗಣನೀಯವಾಗಿ ಇಳಿದವು. ಆಮೇಲೆ ಹಣವೂ ಸಿಬ್ಬಂದಿಯೂ ತೆಳುವಾದಾಗ ಗಳಿಸಿದ್ದು ಕೈಜಾರತೊಡಗಿತು. ಅಮೆರಿಕದ ಮೂಲನಿವಾಸಿಗಳಲ್ಲಂತೂ, ಬಿಡದೆ ನಡೆಸಿದ ಇಂಥದ್ದೇ ಆರೈಕೆಯಿಂದ, ಸಕ್ಕರೆ ಕಾಯಿಲೆಯಿಂದಾಗುವ ಕಿಡ್ನಿ ವೈಫಲ್ಯ 1996ರಿಂದ 2013ರೊಳಗೆ 54 ಶೇಕಡಾ ತಗ್ಗಿತು.

ಹರಾಜಿನ ಹಣ ಏನಾಯಿತು? ಅದರಿಂದ ಹುಟ್ಟಿದ ಸಂಸ್ಥೆಯನ್ನು ಈಗ ಜನ ಪರ್ಪಲ್ ಹೌಸ್ ಎನ್ನುತ್ತಾರೆ. 2004ರಲ್ಲಿ ಕಿಂಟೋರ್‌ನಲ್ಲೇ ಡಯಾಲಿಸಿಸ್ ಆರಂಭವಾಯಿತು; ಹಿರಿಯರು ಮನೆಗೆ ಮರಳಿದರು. ಅತಿ ದೂರದ ಊರುಗಳಲ್ಲಿ ನರ್ಸ್‌ಗಳೂ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರೂ ನಡೆಸುವ ಡಯಾಲಿಸಿಸ್‌ಗೆ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಹಣ ಸಿಕ್ಕಿದ್ದು 2018ರಲ್ಲಿ.

ಒಂದು ಸಲದ ಡಯಾಲಿಸಿಸ್‌ಗೆ ನೂರು ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು. ಮರುಭೂಮಿಯ ಗಡಸು ನೀರನ್ನು ಸೋಸಿ ಸೋಸಿ ಅದನ್ನು ಒದಗಿಸುತ್ತಾರೆ. ಅದಕ್ಕಿಂತ ಎಷ್ಟೋ ಕಡಿಮೆ ನೀರು, ಆ ರೋಗಿ ಮಗುವಾಗಿದ್ದಾಗ ಮನೆಯ ನಲ್ಲಿಯಲ್ಲಿ ದಿನವೂ ಬರಬೇಕಿತ್ತು.