ಹಾಡಿನ ತಾಳಕ್ಕೆ ನಡೆಯುವ ಸಿನಿಮಾ

ಕೇಳುಗರಿಗೆ ನಮಸ್ಕಾರ.

ಊರಿಗೆಲ್ಲ ಗೊತ್ತಿರುವ ಕಥೆಯನ್ನು ಮತ್ತೆ ಸಿನಿಮಾ ಮಾಡಲು ಧೈರ್ಯ ಬೇಕು. ಕೊರಿಯಾದಲ್ಲಿ ಚುನ್‌ಹ್ಯಾಂಗ್‌ಳ ಕಥೆ ಅಂಥದ್ದು. 1935ರಲ್ಲಿ ಅಲ್ಲಿ ಬಂದ ಮೊದಲ ಮಾತಿನ ಚಿತ್ರವೇ ಈ ಕಥೆಯದು. 2000ದಲ್ಲಿ ನಿರ್ದೇಶಕ ಇಮ್ ಕ್ವಾನ್ ತೇಕ್ ಮತ್ತೆ ಅದನ್ನೇ ‘ಚುನ್‌ಹ್ಯಾಂಗ್’ ಎಂಬ ಹೆಸರಲ್ಲಿ ಕೈಗೆತ್ತಿಕೊಂಡರು. ಆದರೆ ಕಥೆ ಹೇಳುವ ಕೆಲಸವನ್ನು ಹಾಡುಗಾರನಿಗೇ ಬಿಟ್ಟರು.

ಆ ಹಾಡುಗಾರಿಕೆಗೆ ಪಾನ್ಸೋರಿ ಅಂತ ಹೆಸರು. ಕೈಯಲ್ಲಿ ಬೀಸಣಿಗೆ ಹಿಡಿದ ಒಬ್ಬ ಹಾಡುಗಾರ, ಪಕ್ಕದಲ್ಲಿ ಡೋಲು ಹಿಡಿದು ಕೂತ ಇನ್ನೊಬ್ಬ. ಮೇಳ ಅಂದರೆ ಅಷ್ಟೇ. ಸ್ವಲ್ಪ ಹಾಡು, ಸ್ವಲ್ಪ ಮಾತು, ನಡುವೆ ತಮಾಷೆ. ನಮ್ಮ ಹರಿಕಥೆ ಕೇಳಿದವರಿಗೆ ಇದು ತೀರಾ ಹೊಸದೇನಲ್ಲ. ದನಿ ಮಾತ್ರ ಬೇರೆ. ನಯವಾದ ಕಂಠಕ್ಕೆ ಅಲ್ಲಿ ಬೆಲೆ ಕಡಿಮೆ, ವರ್ಷಗಟ್ಟಲೆ ಹಾಡಿ ಹಾಡಿ ಒರಟಾದ ಗಂಟಲೇ ಬೇಕು. ಕೇಳುವವರೂ ಸುಮ್ನೆ ಕೂರುವುದಿಲ್ಲ, ನಡುನಡುವೆ ಭೇಷ್ ಅಂತ ಕೂಗುತ್ತಾರೆ. ಪೂರ್ತಿ ಕಥೆ ಹಾಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಸಿನಿಮಾ ಇರುವುದು ಎರಡು ಗಂಟೆಯಷ್ಟು. ಹಾಡಿದವರು ಚೋ ಸಾಂಗ್ ಹ್ಯುನ್.

ಕಥೆ ನಡೆಯುವುದು ನಾಮ್‌ವಾನ್ ಎಂಬ ಊರಲ್ಲಿ. ಅಲ್ಲಿನ ಅಧಿಕಾರಿಯ ಮಗ ಮೊಂಗ್‌ರ್ಯೋಂಗ್. ಹಬ್ಬದ ದಿನ ಉಯ್ಯಾಲೆ ಆಡುತ್ತಿದ್ದ ಚುನ್‌ಹ್ಯಾಂಗ್‌ಳನ್ನು ನೋಡಿ ಮನಸೋಲುತ್ತಾನೆ. ಕರೆದುಕೊಂಡು ಬಾ ಅಂತ ಆಳನ್ನು ಓಡಿಸುತ್ತಾನೆ. ಇಲ್ಲಿ ಗಮನಿಸಬೇಕು. ಹಾಡು ಚುರುಕಾಗುತ್ತದೆ, ಆಳಿನ ಕಾಲೂ ಅದೇ ತಾಳಕ್ಕೆ ಬೀಳುತ್ತದೆ. ಸಾಮಾನ್ಯವಾಗಿ ಚಿತ್ರಕ್ಕೆ ತಕ್ಕಂತೆ ಸಂಗೀತ ಕೂರಿಸುತ್ತಾರೆ, ಅಲ್ವಾ? ಇಲ್ಲಿ ಚಿತ್ರವೇ ಹಾಡಿನ ಹಿಂದೆ ಓಡುತ್ತದೆ. ಇಡೀ ಸಿನಿಮಾದ ಗುಟ್ಟು ಇದೇ.

ಚುನ್‌ಹ್ಯಾಂಗ್‌ಳ ತಾಯಿ ಅಧಿಕಾರಿಗಳ ಮುಂದೆ ಹಾಡಿ ಕುಣಿಯುತ್ತಿದ್ದವಳು. ಹಾಗಾಗಿ ಮದುವೆ ಗುಟ್ಟಾಗಿ ಆಗುತ್ತದೆ. ಹುಡುಗ ಓದಲು ರಾಜಧಾನಿಗೆ ಹೋಗುತ್ತಾನೆ. ಈ ಪ್ರೇಮದ ಭಾಗ ನನಗೆ ಸ್ವಲ್ಪ ಜಾಸ್ತಿ ಎಳೆದಂತೆ ಕಂಡಿತು. ಬಟ್ಟೆಯ ಬಣ್ಣ, ಮರಗಳ ಹಸಿರು ಚೆನ್ನಾಗಿವೆ, ನಿಜ.

ಆಮೇಲೆ ಊರಿಗೆ ಹೊಸ ಅಧಿಕಾರಿ ಬರುತ್ತಾನೆ. ಚುನ್‌ಹ್ಯಾಂಗ್‌ಳಿಗೆ ತನ್ನ ಸೇವೆಗೆ ಬಾ ಅನ್ನುತ್ತಾನೆ. ಇವಳು ಒಲ್ಲೆ ಅನ್ನುತ್ತಾಳೆ. ಕಟ್ಟಿಹಾಕಿ ಹೊಡೆಸುತ್ತಾನೆ. ಒಂದೊಂದು ಏಟಿಗೂ ಅವಳು ಆ ಏಟಿನ ಎಣಿಕೆಯಿಂದಲೇ ಉತ್ತರ ಕಟ್ಟುತ್ತಾಳೆ. ಒಂದನೆಯದಕ್ಕೆ, ನನ್ನ ಮನಸ್ಸು ಒಂದೇ. ಎರಡನೆಯದಕ್ಕೆ, ಇಬ್ಬರು ಗಂಡಂದಿರಿಗೆ ನಾನು ನಡೆದುಕೊಳ್ಳುವವಳಲ್ಲ. ಹೀಗೆ ಏರುತ್ತಾ ಹೋಗುತ್ತದೆ. ಲಾಠಿ ಬೀಳುವುದನ್ನು ಬರೀ ಕಣ್ಣಿಂದ ನೋಡಿದ್ದರೆ ಮುಖ ತಿರುಗಿಸುತ್ತಿದ್ದೆವೇನೋ. ಹಾಡು ಹಾಗೆ ಮಾಡಲು ಬಿಡುವುದಿಲ್ಲ. ಇಮ್ ಅವರು ನಡುನಡುವೆ ನಮ್ಮನ್ನು ಹಳೆಯ ಕಾಲದಿಂದ ಎಬ್ಬಿಸಿ, ಇಂದಿನ ರಂಗಮಂದಿರದಲ್ಲಿ ಹಾಡು ಕೇಳುತ್ತಾ ಕೂತ ಜನರ ಮುಖವನ್ನೂ ತೋರಿಸುತ್ತಾರೆ.

ಫ್ರಾನ್ಸಿನ ಕಾನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಗೆ ಹೋದ ಮೊದಲ ಕೊರಿಯನ್ ಚಿತ್ರ ಇದು. ಎರಡು ವರ್ಷದ ನಂತರ, ಬೇರೊಂದು ಚಿತ್ರಕ್ಕೆ, ಇಮ್ ಅಲ್ಲೇ ಉತ್ತಮ ನಿರ್ದೇಶಕ ಪ್ರಶಸ್ತಿ ಪಡೆದರು.

ಇನ್ನು ಮೊಂಗ್‌ರ್ಯೋಂಗ್. ಪರೀಕ್ಷೆ ಗೆದ್ದು, ರಾಜನ ಗುಪ್ತ ತನಿಖಾಧಿಕಾರಿಯಾಗಿ, ಭಿಕ್ಷುಕನ ವೇಷದಲ್ಲಿ ಊರಿಗೆ ಮರಳುತ್ತಾನೆ. ಆ ಹರಕು ಬಟ್ಟೆ ನೋಡಿ ಅತ್ತೆ ಉಗಿಯುವ ಉಗಿತ ಕೇಳಬೇಕು ನೀವು! ಅಧಿಕಾರಿಯ ಹುಟ್ಟುಹಬ್ಬದ ಊಟಕ್ಕೂ ಅದೇ ವೇಷದಲ್ಲಿ ಹೋಗಿ ಕೂರುತ್ತಾನೆ. ಅಲ್ಲಿ ಒಂದು ಪದ್ಯ ಬರೆದುಕೊಡುತ್ತಾನೆ: ಈ ಚಿನ್ನದ ಬಟ್ಟಲಲ್ಲಿರುವ ಮದ್ಯ ಸಾವಿರ ಜನರ ರಕ್ತ ಅಂತ. ಓದಿದ ಒಂದಿಬ್ಬರು ಅತಿಥಿಗಳಿಗೆ ಅರ್ಥವಾಗಿ, ಏನೋ ನೆಪ ಹೇಳಿ ಜಾಗ ಖಾಲಿ ಮಾಡುತ್ತಾರೆ. ಅಧಿಕಾರಿ ಮಾತ್ರ ಕುಡಿಯುತ್ತಲೇ ಇರುತ್ತಾನೆ. ಅಷ್ಟರಲ್ಲಿ ಬಾಗಿಲಲ್ಲಿ ಕೂಗು ಏಳುತ್ತದೆ, ರಾಜನ ತನಿಖಾಧಿಕಾರಿ ಬಂದ!

ನಮಸ್ಕಾರ.