ಎದೆ ಹಾರುತ್ತದೆ, ಡಾಕ್ಟರೇ

ಕೇಳುಗರಿಗೆ ನಮಸ್ಕಾರ.

ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಕೆಳಗಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನು ಹೊಸದಾಗಿ ಬಂದ ವಾರ. ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಬಂದು ಕುಳಿತರು. ಕೊರಳ ತುಂಬ ಮಣಿಸರ. ಸ್ಟೆತೊಸ್ಕೋಪ್ ಇಡಲು ಬೆರಳಗಲ ಜಾಗವಿಲ್ಲ. ಅಜ್ಜಿ ಸರಗಳನ್ನೆಲ್ಲ ಒಂದೇ ಕೈಯಲ್ಲಿ ಎತ್ತಿ ಹಿಡಿದು, “ಕೇಳು ತಮಾ, ಎದೆ ಹಾರುತ್ತದೆ” ಎಂದರು. ಮಣಿಗಳ ಸದ್ದು ಅಡಗುವವರೆಗೆ ಇಬ್ಬರೂ ಕಾದೆವು.

ಎದೆ ಹಾರುವುದು, ಹೊಟ್ಟೆ ತೊಳಸುವುದು, ಕೈಕಾಲು ಜೋಮು ಹಿಡಿಯುವುದು. ಈ ಮಾತುಗಳನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ನಮ್ಮ ಅಮ್ಮ. ದೂರದ ಊರಿನಿಂದ ಬಂದಿದ್ದ ನನ್ನ ಸಹೋದ್ಯೋಗಿ ನನಗಿಂತ ಜಾಣರು. ಆದರೂ ಪ್ರತಿ ಸಲ ನರ್ಸ್ ಅನ್ನು ಕರೆದು ಅರ್ಥ ಕೇಳಬೇಕಿತ್ತು. ಸಿದ್ದಾಪುರದ ಕಡೆ ಬೇಸಿಗೆಯಲ್ಲಿ ಜ್ವರವೆಂದು ಬಂದವರನ್ನು “ದರಕು, ಒಣ ಎಲೆ ಗುಡಿಸಲು ಕಾಡಿಗೆ ಹೋಗಿದ್ದಿರಾ? ಉಣ್ಣೆ ಕಚ್ಚಿತ್ತೇ?” ಎಂದು ಮೊದಲೇ ಕೇಳುವ ವೈದ್ಯರಿಗೆ ಉಣ್ಣೆ ಹುಳ ಕಚ್ಚಿ ಹರಡುವ ಮಂಗನ ಕಾಯಿಲೆಯ ಗುಮಾನಿ ಬೇಗ ಹುಟ್ಟುತ್ತದೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಈ ರೋಗಕ್ಕೆ ಇಂದಿಗೂ ನೇರವಾದ ಔಷಧಿಯಿಲ್ಲ. ಬೇಗ ಗುರುತಿಸುವುದೇ ದೊಡ್ಡ ಚಿಕಿತ್ಸೆ.

ಕಾರವಾರದಲ್ಲಿ 2013ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ವರ್ಷಕ್ಕೆ 150 ಸೀಟು. ಆದರೂ ಶಿರಸಿಯ ತೋಟದಲ್ಲಿ ಅಡಿಕೆ ಮರದಿಂದ ಬಿದ್ದ ಕೊನೆಗೌಡನನ್ನು, ಅಂದರೆ ಮರ ಹತ್ತಿ ಕೊನೆ ಕೊಯ್ಯುವವನನ್ನು, ನೂರು ಕಿಲೋಮೀಟರ್ ಆಚೆಯ ಹುಬ್ಬಳ್ಳಿಗೆ ಒಯ್ಯುತ್ತೇವೆ. ಕರಾವಳಿಯವರು ಮಣಿಪಾಲಕ್ಕೋ ಗೋವಾದ ಬಾಂಬೋಳಿಗೋ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಜಿಲ್ಲೆಯ ಕೂಗು ನ್ಯಾಯವಾದದ್ದೇ. ಕಟ್ಟಡ ಎದ್ದ ಮೇಲೆ ರಾತ್ರಿ ಎರಡು ಗಂಟೆಗೆ ಅರಿವಳಿಕೆ ಕೊಡುವವರು ಯಾರು ಎಂಬುದು ನನ್ನ ಚಿಂತೆ.

ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳೇ, ಎಂಬಿಬಿಎಸ್ ಸೇರಲು ಬರೆಯುವ ನೀಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರದ್ದು. ನಾಲ್ಕೂವರೆ ವರ್ಷದ ಓದು, ಮೇಲೊಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಮದುವೆ ಮನೆಗಳಲ್ಲಿ “ಬರೀ ಎಂಬಿಬಿಎಸ್ಸೇ?” ಎಂದು ಕೇಳುತ್ತಾರೆ. ಆ ಪ್ರಶ್ನೆ ಕೇಳುವವರ ಮೇಲೆ ನನಗೆ ಸಿಟ್ಟಿದೆ. ಹಳ್ಳಿಗೆ ಮೊದಲು ಬೇಕಾದದ್ದು ಆ ಬರೀ ಎಂಬಿಬಿಎಸ್ಸೇ.

ಅಜ್ಜಿಯ ನಾಡಿ ತಾಳ ತಪ್ಪಿತ್ತು. ತಾಲೂಕು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಬಾಗಿಲ ಬಳಿ ತಿರುಗಿ ನಿಂತು, “ಬರುವ ಮಳೆಗಾಲಕ್ಕೂ ನೀನೇ ಇರುತ್ತೀಯಲ್ಲ?” ಎಂದು ಕೇಳಿದರು. ಹೂಂ ಎಂದೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಅರ್ಜಿ ಮೇಜಿನ ಡ್ರಾಯರಿನಲ್ಲಿತ್ತು.

ನಮಸ್ಕಾರ.