ಹೈಬ್ರಿಡ್ ವಿಮಾನದಲ್ಲಿ ಬ್ಯಾಟರಿಗೆ ಯಾವ ನಿಮಿಷದ ಕೆಲಸ?

ಎಲ್ಲರಿಗೂ ನಮಸ್ಕಾರ.

ಎಪ್ಪತ್ತು ಸೀಟಿನ ಟರ್ಬೊಪ್ರಾಪ್ (ಟರ್ಬೈನಿನಿಂದ ಪ್ರೊಪೆಲ್ಲರ್ ತಿರುಗಿಸುವ) ವಿಮಾನಕ್ಕೆ ವಿದ್ಯುತ್ತಿನ ನೆರವು ಕೊಡಬೇಕು ಎಂದಾಗ ಮೋಟಾರ್ ಆರಿಸಲು ಕೂರಬೇಡಿ. ಯಾವ ನಿಮಿಷಕ್ಕೆ ಎಷ್ಟು ಕಿಲೋವ್ಯಾಟ್ ಬೇಕು ಎಂಬ ನಕ್ಷೆ ಮೊದಲು ಬರೆಯಿರಿ. ಬೇರೆ ನಿಲ್ದಾಣಕ್ಕೆ ತಿರುಗಬೇಕಾಗಿ ಬಂದರೆ ಬೇಕಾಗುವ ಮೀಸಲೂ ಅದರಲ್ಲಿರಲಿ.

ಲೆಕ್ಕ ಹಾಕೋಣ. ಎರಡೂ ಎಂಜಿನ್‌ಗಳ ಗೇರ್‌ಬಾಕ್ಸಿಗೆ ತಲಾ 500 ಕಿಲೋವ್ಯಾಟ್ ಮೋಟಾರ್ ಜೋಡಿಸಿ, ಟೇಕಾಫ್ ಮತ್ತು ಏರಿಕೆಯ 15 ನಿಮಿಷ ಓಡಿಸಿದರೆ ಶಾಫ್ಟಿಗೆ ಸಿಗುವುದು 250 ಕಿಲೋವ್ಯಾಟ್-ಅವರ್. ಇನ್ವರ್ಟರ್ (ಬ್ಯಾಟರಿಯ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿ ಮಾಡುವ ಸಾಧನ), ಮೋಟಾರ್, ಕೇಬಲ್ ಸೇರಿ ದಕ್ಷತೆ ಶೇ. 90 ಎಂದರೆ ಬ್ಯಾಟರಿ 278 ಕೊಡಬೇಕು. ಅದನ್ನು ಶೇ. 90ರಿಂದ ಶೇ. 20ರವರೆಗೆ ಮಾತ್ರ ಬಳಸುತ್ತೇವೆ. ಆಯುಷ್ಯದ ಕೊನೆಗೆ ಸಾಮರ್ಥ್ಯ ಶೇ. 80ಕ್ಕೆ ಇಳಿದಿರುತ್ತದೆ. ಹಾಗಾಗಿ ಹೊಸದಿದ್ದಾಗ ಸುಮಾರು 500 ಕಿಲೋವ್ಯಾಟ್-ಅವರ್ ಇರಬೇಕು. ಪ್ಯಾಕಿನ ಕೆ.ಜಿ.ಗೆ 180 ವ್ಯಾಟ್-ಅವರ್ ಹಿಡಿದರೂ ತೂಕ 2,750 ಕೆ.ಜಿ. ದಾಟುತ್ತದೆ. ಲಗೇಜ್ ಸಮೇತ ಒಬ್ಬರಿಗೆ 95 ಕೆ.ಜಿ. ಎಂದರೆ 29 ಪ್ರಯಾಣಿಕರು! ಉಳಿಯುವ ಇಂಧನವೋ, ಕಿಲೋವ್ಯಾಟ್-ಅವರ್‌ಗೆ 0.28 ಕೆ.ಜಿ.ಯಂತೆ ಬರೀ 70 ಕೆ.ಜಿ.

ಅಂದಮೇಲೆ ಬ್ಯಾಟರಿಯನ್ನು ಇಂಧನಕ್ಕೆ ಬದಲಿ ಎಂದು ನೋಡುವುದೇ ತಪ್ಪು. ಲಾಭ ಇರುವುದು ಟರ್ಬೈನಿನಲ್ಲಿ. ಟೇಕಾಫಿಗೆಂದು, ಅದರಲ್ಲೂ ಒಂದು ಎಂಜಿನ್ ಕೈಕೊಟ್ಟ ಸ್ಥಿತಿಗೆಂದು ದೊಡ್ಡದಾಗಿ ಮಾಡಿದ ಟರ್ಬೈನ್, ಕಡಿಮೆ ಹೊರೆಯಲ್ಲಿ ಪ್ರತಿ ಕಿಲೋವ್ಯಾಟಿಗೆ ಹೆಚ್ಚು ಇಂಧನ ಕುಡಿಯುತ್ತದೆ. ಅದನ್ನು ಚಿಕ್ಕದು ಮಾಡಿ, ಟೇಕಾಫಿನ ಐದು ನಿಮಿಷದ ಕೊರತೆಯನ್ನಷ್ಟೇ ಮೋಟಾರಿಗೆ ಬಿಡಿ. ಎಷ್ಟು ಚಿಕ್ಕದು ಎಂಬುದನ್ನು ಮೇಲಿನ ತೆಳುಗಾಳಿ ನಿರ್ಧರಿಸುತ್ತದೆ, ಏಕೆಂದರೆ ಅಲ್ಲಿ ಟರ್ಬೈನಿನ ಶಕ್ತಿಯೂ ಕುಗ್ಗುತ್ತದೆ. ಮೇಲಿನದೇ ಲೆಕ್ಕದಂತೆ ಐದು ನಿಮಿಷಕ್ಕೆ 165 ಕಿಲೋವ್ಯಾಟ್-ಅವರ್ ಸಾಕು. ಆದರೆ ಅಷ್ಟು ಸಣ್ಣ ಪ್ಯಾಕಿನಿಂದ, ದಾರಿಯ ನಷ್ಟ ಸೇರಿ, 1,100 ಕಿಲೋವ್ಯಾಟ್ ಎಳೆಯುವುದೆಂದರೆ 6.7ಸಿ ದರ, ಅಂದರೆ ಒಂದು ಗಂಟೆಯಲ್ಲಿ ಖಾಲಿ ಮಾಡುವ ವೇಗದ 6.7 ಪಟ್ಟು. ಅದನ್ನು ತಾಳುವ ಸೆಲ್‌ಗಳಲ್ಲಿ ಕೆ.ಜಿ.ಗೆ 180 ಎಂಬ ಊಹೆ ನಿಲ್ಲುವುದಿಲ್ಲ. ತೂಕವನ್ನು ಹೊಸದಾಗಿ ಲೆಕ್ಕ ಹಾಕಬೇಕು.

ವಿನ್ಯಾಸಗಳು ಎಡವುವುದು ಗೋ-ಅರೌಂಡಿನಲ್ಲಿ. ಇಳಿಯಲು ಬಂದ ವಿಮಾನ ರನ್‌ವೇ ಸಿಗದೆ ಮತ್ತೆ ಏರಬೇಕಾದರೆ ಟೇಕಾಫಿನಷ್ಟೇ ಶಕ್ತಿ ಬೇಕು, ಅದೂ ಹಾರಾಟದ ಕೊನೆಯಲ್ಲಿ. ಆಗ ಸೆಲ್ ವೋಲ್ಟೇಜ್ 4.2ರಿಂದ 3.0ಕ್ಕೆ ಕುಸಿದಿದ್ದರೆ ಅದೇ ಶಕ್ತಿಗೆ ಕರೆಂಟ್ 1.4 ಪಟ್ಟು ಬೇಕು. ಒಳಗಿನ ಶಾಖ ಸುಮಾರು ಎರಡು ಪಟ್ಟು. ಸೆಲ್ ತಣ್ಣಗಿದ್ದರೆ ಆಂತರಿಕ ರೋಧ ಏರಿ ವೋಲ್ಟೇಜ್ ಇನ್ನೂ ಜಗ್ಗುತ್ತದೆ, ಇನ್ವರ್ಟರ್ ಕಡಿಮೆ ವೋಲ್ಟೇಜೆಂದು ಟ್ರಿಪ್ ಆಗುತ್ತದೆ. ಆದ್ದರಿಂದ ಸಮತಲ ಹಾರಾಟದಲ್ಲಿ ಮೋಟಾರನ್ನೇ ಜನರೇಟರ್ ಮಾಡಿ ಮತ್ತೆ ಚಾರ್ಜ್ ಮಾಡಿ, ಇಳಿಕೆ ಶುರುವಾಗುವ ಮುನ್ನ ಇರಲೇಬೇಕಾದ ಚಾರ್ಜನ್ನು ಹಾರಾಟ ಕೈಪಿಡಿಯಲ್ಲೇ ನಮೂದಿಸಿ.

ಟರ್ಬೈನ್ ಬರೀ ಜನರೇಟರ್ ತಿರುಗಿಸಿ, ಪ್ರೊಪೆಲ್ಲರನ್ನು ಮೋಟಾರೇ ತಿರುಗಿಸುವ ಸೀರೀಸ್ ಜೋಡಣೆ ಕೇಳಲು ಚೆಂದ. ಆದರೆ ಜನರೇಟರ್ 0.96, ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಸಾಧನ) 0.98, ಇನ್ವರ್ಟರ್ 0.98, ಮೋಟಾರ್ 0.96 ಗುಣಿಸಿದರೆ 0.885. ಶೇ. 11ಕ್ಕೂ ಹೆಚ್ಚು ದಾರಿಯಲ್ಲೇ ಹೋಯಿತು. ಈ ಗಾತ್ರದ ವಿಮಾನಕ್ಕೆ ಟರ್ಬೈನ್, ಮೋಟಾರ್ ಎರಡೂ ಸೇರಿ ಒಂದೇ ಪ್ರೊಪೆಲ್ಲರ್ ತಿರುಗಿಸುವ ಪ್ಯಾರಲಲ್ ಜೋಡಣೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನು ವೋಲ್ಟೇಜ್. 500 ಕಿಲೋವ್ಯಾಟನ್ನು 270 ವೋಲ್ಟಿನಲ್ಲಿ ಕಳಿಸಿದರೆ 1,850 ಆಂಪಿಯರ್, 800ರಲ್ಲಿ 625. ತಾಮ್ರ ಉಳಿಯುತ್ತದೆ. ಆದರೆ 7,600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಶೇ. 40ಕ್ಕೂ ಕಡಿಮೆ, ಗಾಳಿಯ ನಿರೋಧಕ ಬಲ ಇಳಿದು, ಕ್ರಿಂಪ್ ಮಾಡಿದ ಟರ್ಮಿನಲ್ಲಿನ ಚೂಪು ಅಂಚಿನಲ್ಲಿ ಭಾಗಶಃ ಡಿಸ್ಚಾರ್ಜ್ (ಸಣ್ಣ ಸಣ್ಣ ವಿದ್ಯುತ್ ಕಿಡಿಗಳು) ಶುರುವಾಗುತ್ತದೆ. ಅದು ತಕ್ಷಣ ಏನನ್ನೂ ಕೆಡಿಸದು; ನಿರೋಧಕ ಪದರವನ್ನು ದಿನದಿಂದ ದಿನಕ್ಕೆ ತಿನ್ನುತ್ತದೆ. 2017ರಲ್ಲಿ ಘೋಷಿಸಿ 2020ರಲ್ಲಿ ಹಾರುವ ಮುನ್ನವೇ ಕೈಬಿಟ್ಟ ಇ-ಫ್ಯಾನ್ ಎಕ್ಸ್ ಎಂಬ ಪ್ರಾಯೋಗಿಕ ಹೈಬ್ರಿಡ್ ವಿಮಾನದ ಯೋಜನೆ 3,000 ವೋಲ್ಟ್ ಆರಿಸಿತ್ತು. ಅಲ್ಲಿ ಈ ಸಮಸ್ಯೆ ಇನ್ನೂ ಗಡುಸು. ನೆಲದ ಮೇಲೆ ಪಾಸಾದ ಕೇಬಲ್ ಜೋಡಣೆಯನ್ನು ಕಡಿಮೆ ಒತ್ತಡದ ಚೇಂಬರಿನಲ್ಲಿ, ಕನೆಕ್ಟರ್ ಸಮೇತ, ಬಿಸಿ ಮಾಡಿಯೇ ಮತ್ತೆ ಪರೀಕ್ಷಿಸಿ.